ಲ್ಯಾಂಬೋ ಫೀಲ್ಡ್: ಎದುರಾಳಿಯ ಭುಜಕ್ಕೆ ಭುಜ ತಾಗಿಸಿ ಕೂರಿಸುವ ಕ್ರೀಡಾಂಗಣ

ಅಮೆರಿಕನ್ ಫುಟ್‌ಬಾಲ್ ಪಂದ್ಯವೊಂದನ್ನು ಸರಿಯಾಗಿ ನೋಡಬೇಕು ಎನ್ನುವುದಷ್ಟೇ ಉದ್ದೇಶವಾಗಿದ್ದರೆ ವಿಸ್ಕಾನ್ಸಿನ್ ರಾಜ್ಯದ ಗ್ರೀನ್ ಬೇ ಊರಿನ ಲ್ಯಾಂಬೋ ಫೀಲ್ಡ್‌ವರೆಗೆ ಹೋಗುವ ಶ್ರಮ ಬೇಕಿಲ್ಲ. ಚೆಂಡು ಯಾರ ಕೈಯಲ್ಲಿದೆ, ತೀರ್ಪುಗಾರರು ಹಳದಿ ಬಟ್ಟೆಯನ್ನು ಏಕೆ ಎಸೆದರು ಎಂಬುದೆಲ್ಲ ಬೆಚ್ಚಗಿನ ಮನೆಯಲ್ಲಿ ಟಿವಿಯ ಮುಂದೆ ಕುಳಿತವರಿಗೆ ಮೈದಾನದಲ್ಲಿ ಕುಳಿತವರಿಗಿಂತ ಚೆನ್ನಾಗಿ ತಿಳಿಯುತ್ತದೆ. ಆದರೆ ಸೆಪ್ಟೆಂಬರಿನಿಂದ ಜನವರಿಯ ತನಕ ಎರಡು ತಂಡಗಳ ಅಭಿಮಾನಿಗಳು ಕಚೇರಿಯಲ್ಲಿ, ಅಂಗಡಿಯ ಸಾಲಿನಲ್ಲಿ, ಮಕ್ಕಳ ಶಾಲೆಯ ಗೇಟಿನ ಬಳಿ ಬಿಡಿಬಿಡಿಯಾಗಿ ನಡೆಸುವ ವಾಗ್ವಾದವನ್ನು ಒಂದೇ ಕಡೆ, ಮೂರು ಗಂಟೆಗಳ ಕಾಲ, ತಡೆಯಿಲ್ಲದೆ ಕೇಳಬೇಕೆಂದಿದ್ದರೆ, ಗ್ರೀನ್ ಬೇ ಪ್ಯಾಕರ್ಸ್ ತಂಡವು ಶಿಕಾಗೊ ಬೇರ್ಸ್ ತಂಡವನ್ನು ಎದುರಿಸುವ ದಿನ ಈ ಕ್ರೀಡಾಂಗಣದ ಅಲ್ಯೂಮಿನಿಯಂ ಬೆಂಚಿನ ಮೇಲೆ ಕೂರುವುದಕ್ಕೆ ಸಮನಾದದ್ದು ಬೇರೆ ಇಲ್ಲ. 2025ರ ಜನವರಿ 5ರ ಭಾನುವಾರ ಅಲ್ಲಿ ನಡೆದ ಪಂದ್ಯವನ್ನೂ ಅದರ ಹಿಂದಿನ ದಿನ ಮಾಡಿದ ಕ್ರೀಡಾಂಗಣ ಪ್ರವಾಸವನ್ನೂ ಆಧರಿಸಿ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ನಾನು ಇಲಿನಾಯ್ ರಾಜ್ಯದ ನಿವಾಸಿ, ಆದ ಕಾರಣ ಬೇರ್ಸ್ ಪಕ್ಷಪಾತಿ. ಓದುವವರು ಅದಕ್ಕೆ ತಕ್ಕಷ್ಟು ಸೋಡಿ ಬಿಟ್ಟು ಓದಬೇಕು.

ಈ ಎರಡು ತಂಡಗಳು ಮೊದಲ ಬಾರಿಗೆ ಎದುರಾದದ್ದು 1921ರ ನವೆಂಬರ್ 27ರಂದು. ಆಗ ಬೇರ್ಸ್ ತಂಡಕ್ಕೆ ಸ್ಟೇಲೀಸ್ ಎಂಬ ಹೆಸರಿತ್ತು. ಅದು ಪ್ಯಾಕರ್ಸ್ ತಂಡವನ್ನು 20–0 ಅಂತರದಿಂದ ಸೋಲಿಸಿತು. ಅಂದಿನಿಂದ ಇಂದಿನವರೆಗೆ ಇನ್ನೂರಕ್ಕೂ ಹೆಚ್ಚು ಸಲ ಇವರು ಕಾದಾಡಿದ್ದಾರೆ. ಆದರೆ ಕ್ರೀಡಾಂಗಣದ ವಿಮರ್ಶೆಗೆ ಮುಖ್ಯವಾದ ಸಂಗತಿ ಬೇರೊಂದಿದೆ. 1950ರ ದಶಕದಲ್ಲಿ ಗ್ರೀನ್ ಬೇ ಊರಿನ ಹಳೆಯ ಮೈದಾನ ರಾಷ್ಟ್ರೀಯ ಫುಟ್‌ಬಾಲ್ ಲೀಗಿನ (ಎನ್‌ಎಫ್‌ಎಲ್) ಮಟ್ಟಕ್ಕೆ ಸಾಲದಾಗಿ, ಹೊಸದನ್ನು ಕಟ್ಟದಿದ್ದರೆ ತಂಡವೇ ಊರು ಬಿಡಬೇಕಾದೀತು ಎಂಬ ಮಾತು ಕೇಳಿಬರತೊಡಗಿತ್ತು. ಹೊಸ ಕ್ರೀಡಾಂಗಣಕ್ಕೆ ಸಾಲ ಎತ್ತುವ ಪ್ರಸ್ತಾವವನ್ನು 1956ರಲ್ಲಿ ಮತಕ್ಕೆ ಹಾಕಿದಾಗ, ಆ ಊರಿಗೆ ಬಂದು ಸಾರ್ವಜನಿಕ ಸಭೆಯಲ್ಲಿ ಅದರ ಪರವಾಗಿ ಮಾತನಾಡಿದವರಲ್ಲಿ ಬೇರ್ಸ್ ತಂಡದ ಸ್ಥಾಪಕ ಜಾರ್ಜ್ ಹಾಲಸ್ ಕೂಡ ಒಬ್ಬರು. ಎದುರಾಳಿ ಉಳಿದರೆ ತಾನೇ ಜಿದ್ದು ಉಳಿಯುವುದು! ಮತದಾರರು ಒಪ್ಪಿದರು, ಕ್ರೀಡಾಂಗಣ ಎದ್ದಿತು, 1957ರ ಸೆಪ್ಟೆಂಬರ್ 29ರಂದು ಅಲ್ಲಿ ನಡೆದ ಮೊದಲ ಪಂದ್ಯದಲ್ಲೇ ಪ್ಯಾಕರ್ಸ್ ತಂಡ ಬೇರ್ಸ್ ತಂಡವನ್ನು 21–17ರಿಂದ ಸೋಲಿಸಿ ಆ ಉಪಕಾರವನ್ನು ತೀರಿಸಿತು. ಪ್ಯಾಕರ್ಸ್ ತಂಡದ ಸ್ಥಾಪಕರಲ್ಲೊಬ್ಬರಾದ ಕರ್ಲಿ ಲ್ಯಾಂಬೋ ತೀರಿಕೊಂಡ ಮೇಲೆ, 1965ರಲ್ಲಿ, ಮೈದಾನಕ್ಕೆ ಅವರ ಹೆಸರಿಟ್ಟರು. ಹಾಲಸ್ ಅವರ ಈ ಕಥೆಯನ್ನು ನಾನು ಯಾವುದೋ ಫಲಕದಲ್ಲಿ ಓದಿ ತಿಳಿದದ್ದಲ್ಲ. ನನ್ನ ಹಿಂದಿನ ಸಾಲಿನಲ್ಲಿ ಕುಳಿತಿದ್ದ ಬೇರ್ಸ್ ಅಭಿಮಾನಿ ಹಿರಿಯರೊಬ್ಬರು ಮುಂದಿನ ಸಾಲಿನವರಿಗೆ "ಈ ಬೆಂಚು ನಮ್ಮ ದಯೆ" ಎಂದು ಪಂದ್ಯ ಆರಂಭವಾಗುವ ಮೊದಲೇ ಪಾಠ ಹೇಳಿದ್ದರು.

ಬೆಂಚಿನ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಈ ಕ್ರೀಡಾಂಗಣದ ಗುಣವೂ ದೋಷವೂ ಅಲ್ಲೇ ಇದೆ. ಎಂಬತ್ತೊಂದು ಸಾವಿರಕ್ಕೂ ಹೆಚ್ಚು ಜನ ಕೂರಬಹುದಾದ ಈ ಬಟ್ಟಲಿನ ಹಳೆಯ ಭಾಗದಲ್ಲಿ ಬಿಡಿ ಕುರ್ಚಿಗಳಿಲ್ಲ. ಉದ್ದನೆಯ ಲೋಹದ ಪಟ್ಟಿ, ಅದರ ಮೇಲೆ ಅಂಕಿ. ಒಂದು ಅಂಕಿಗೂ ಇನ್ನೊಂದಕ್ಕೂ ನಡುವೆ ಸುಮಾರು ಒಂದೂವರೆ ಅಡಿ ಜಾಗ. ಸೆಪ್ಟೆಂಬರಿನ ಅಂಗಿಯಲ್ಲಿ ಆ ಜಾಗ ಸಾಕಾದೀತು. ಜನವರಿಯಲ್ಲಿ, ಪ್ರತಿಯೊಬ್ಬರೂ ನಾಲ್ಕು ಪದರ ಬಟ್ಟೆ ತೊಟ್ಟು, ಅದರ ಮೇಲೆ ತಂಡದ ಜೆರ್ಸಿಯನ್ನು ಎಳೆದುಕೊಂಡು, ಕೆಲವರು ಬೇಟೆಗಾರರು ತೊಡುವ ಕಿತ್ತಳೆ ಬಣ್ಣದ ಮೇಲಂಗಿಯನ್ನೂ ಹಾಕಿಕೊಂಡು ಬಂದಿರುವಾಗ, ಸಾಲಿನ ಕೊನೆಯವರು ಕೂರಬೇಕಾದರೆ ಸಾಲಿನಲ್ಲಿರುವ ಎಲ್ಲರೂ ಒಮ್ಮೆ ಮಗ್ಗುಲು ತಿರುಗಬೇಕು. ತೋಳಾನಿಕೆ ಇಲ್ಲ, ಬೆನ್ನಾನಿಕೆ ಇಲ್ಲ. ಹಿಂದಿನವರ ಮೊಣಕಾಲು ನಿಮ್ಮ ಬೆನ್ನಿಗೆ, ನಿಮ್ಮ ಮೊಣಕಾಲು ಮುಂದಿನವರ ಬೆನ್ನಿಗೆ. ಬೆನ್ನಾನಿಕೆ ಇರುವ ಮಡಿಸುವ ಆಸನವನ್ನು ಬಾಡಿಗೆಗೆ ಪಡೆಯಬಹುದು, ನಲವತ್ತು ದಾಟಿದವರು ಪಡೆಯುವುದೇ ಲೇಸು. ಆದರೆ ಅದು ಅಗಲವನ್ನೇನೂ ಹೆಚ್ಚಿಸುವುದಿಲ್ಲ.

ಯುರೋಪಿನ ಅನೇಕ ಕಾಲ್ಚೆಂಡಿನ ಮೈದಾನಗಳಲ್ಲಿ ಹೊರಗಿನ ತಂಡದ ಅಭಿಮಾನಿಗಳಿಗೆ ಬೇರೆಯದೇ ಮೂಲೆಯನ್ನು ಮೀಸಲಿಟ್ಟು, ನಡುವೆ ಪೊಲೀಸರನ್ನು ನಿಲ್ಲಿಸುತ್ತಾರೆ. ಇಲ್ಲಿ ಅಂಥ ವಿಂಗಡಣೆ ಇಲ್ಲ. ಟಿಕೆಟ್ಟಿನಲ್ಲಿ ಯಾವ ಅಂಕಿ ಇದೆಯೋ ಅದರ ಮೇಲೆ ಕೂರಬೇಕು. ಪಕ್ಕದವರು ಹಸಿರು ತೊಟ್ಟಿರಲಿ, ಕಡುನೀಲಿ ತೊಟ್ಟಿರಲಿ. ನನ್ನ ಎಡಕ್ಕೆ ಬೇರ್ಸ್‌ನ ಹಿಂದಿನ ತಾರೆ ವಾಲ್ಟರ್ ಪೇಟನ್ ಅವರ 34ನೇ ಸಂಖ್ಯೆಯ ಜೆರ್ಸಿ ತೊಟ್ಟ ಶಿಕಾಗೊದ ಯುವಕ, ಬಲಕ್ಕೆ ತಲೆಯ ಮೇಲೆ ಚೀಸಿನ ತುಂಡಿನ ಆಕಾರದ ಹಳದಿ ಟೋಪಿ ಧರಿಸಿದ ಗ್ರೀನ್ ಬೇ ಊರಿನ ದಂಪತಿ. ಇವರೆಲ್ಲರಿಗೂ ಪರಸ್ಪರ ಪರಿಚಯವಾಗಲು ಐದು ನಿಮಿಷವೂ ಬೇಕಾಗಲಿಲ್ಲ. ನೆರೆಯವರ ತೋಳು ನಿಮ್ಮ ತೋಳಿಗೆ ಒತ್ತಿಕೊಂಡಿರುವಾಗ ಅವರ ತಂಡವನ್ನು ಬೈಯದೆ ಸುಮ್ಮನೆ ಕೂರುವುದೂ ಕಷ್ಟ, ಬೈದ ಮೇಲೆ ಮುಖ ತಿರುಗಿಸಿಕೊಂಡು ಕೂರುವುದೂ ಕಷ್ಟ. ಇಲ್ಲಿಯ ವಾಗ್ವಾದಕ್ಕೆ ಒಂದು ಬಗೆಯ ಸಭ್ಯತೆ ಬಂದಿರುವುದಕ್ಕೆ ಜನರ ಒಳ್ಳೆಯತನಕ್ಕಿಂತ ಈ ಒಂದೂವರೆ ಅಡಿಯೇ ಹೆಚ್ಚು ಕಾರಣವೆಂದು ನನಗೆ ತೋರುತ್ತದೆ. ಬಿಡಿ ಕುರ್ಚಿಗಳನ್ನು ಹಾಕಿ ನವೀಕರಿಸಬೇಕೆಂದು ಯಾರಾದರೂ ಸಲಹೆ ಕೊಟ್ಟರೆ ನಾನು ಬೆನ್ನು ನೋವಿನೊಂದಿಗೇ ವಿರೋಧಿಸುತ್ತೇನೆ.

ಇನ್ನು ವಾಗ್ವಾದದ ಗುಣಮಟ್ಟ. ಮೊದಲ ವಿಷಯ ಒಡೆತನದ್ದು. ಪ್ಯಾಕರ್ಸ್ ತಂಡಕ್ಕೆ ಕೋಟ್ಯಧೀಶ ಮಾಲೀಕರಿಲ್ಲ. ಅದು ಐದು ಲಕ್ಷಕ್ಕೂ ಹೆಚ್ಚು ಷೇರುದಾರರಿರುವ, ಲಾಭಕ್ಕಾಗಿ ನಡೆಯದ ಸಂಸ್ಥೆ. 1923ರಲ್ಲಿ ಮೊದಲ ಬಾರಿಗೆ ಷೇರು ಮಾರಿ ತಂಡವನ್ನು ಉಳಿಸಿಕೊಂಡರು. 2021ರ ಕೊನೆಯಲ್ಲಿ ಆರಂಭವಾದ ಆರನೆಯ ಮಾರಾಟದಲ್ಲಿ ಒಂದು ಷೇರಿಗೆ 300 ಡಾಲರ್ ಬೆಲೆಯಿತ್ತು. ಸುಮಾರು ಒಂದು ಲಕ್ಷ ಜನಸಂಖ್ಯೆಯ ಊರೊಂದು ನ್ಯೂಯಾರ್ಕ್, ಲಾಸ್ ಏಂಜಲಿಸ್ ನಗರಗಳ ತಂಡಗಳಿರುವ ಲೀಗಿನಲ್ಲಿ ಇಂದಿಗೂ ಇರುವುದು ಹೀಗೆ. ಬಲಗಡೆಯ ದಂಪತಿ ಈ ಷೇರಿನ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಮನೆಯ ಗೋಡೆಗೆ ತೂಗುಹಾಕಿರುವುದಾಗಿ ಹೇಳಿದರು. "ಲಾಭಾಂಶ ಎಷ್ಟು ಬರುತ್ತದೆ?" ಎಂದು ಎಡಗಡೆಯ ಯುವಕ ಬಹಳ ವಿನಯದಿಂದ ಕೇಳಿದ. ಬರುವುದಿಲ್ಲ. "ಮಾರಬಹುದೇ?" ಮಾರುವಂತಿಲ್ಲ. "ಟಿಕೆಟ್ ಸಿಗುತ್ತದೆಯೇ?" ಅದೂ ಇಲ್ಲ. "ಹಾಗಾದರೆ ಅದು ಷೇರಲ್ಲ, ರಸೀದಿ" ಎಂದು ಅವನು ತೀರ್ಪು ಕೊಟ್ಟ. ಆ ಮಹಿಳೆ ತಡಮಾಡದೆ ಕೊಟ್ಟ ಉತ್ತರ ಚೆನ್ನಾಗಿತ್ತು: ರಸೀದಿಯಾದರೂ ತಮ್ಮ ಬಳಿ ಇದೆ, ಶಿಕಾಗೊದವರ ತಂಡವೋ ಒಂದು ಮನೆತನದ ಸೊತ್ತು, ಅವರು ಕೋಚನ್ನು ಇಟ್ಟರೂ ತೆಗೆದರೂ ಅಭಿಮಾನಿಗಳು ಕಿಟಕಿಯ ಹೊರಗೆ ನಿಂತು ನೋಡಬೇಕಷ್ಟೇ. ಅದು ನಿಜವೇ. ಹಾಲಸ್ ಅವರ ಮಗಳು ವರ್ಜೀನಿಯಾ ಮಕ್ಯಾಸ್ಕಿ ಆಗ ಬೇರ್ಸ್ ತಂಡದ ಒಡತಿ. ಆ ಭಾನುವಾರವೇ ಅವರಿಗೆ 102 ವರ್ಷ ತುಂಬಿತ್ತು. ಮುಂದಿನ ತಿಂಗಳು, ಫೆಬ್ರವರಿ 6ರಂದು, ಅವರು ತೀರಿಕೊಂಡರು.

ಎರಡನೆಯ ವಿಷಯ ಕ್ವಾರ್ಟರ್‌ಬ್ಯಾಕ್, ಎಂದರೆ ಚೆಂಡನ್ನು ಎಸೆದು ಇಡೀ ಆಟವನ್ನು ನಡೆಸುವವನು. ಇಲ್ಲಿ ಬೇರ್ಸ್ ಪಕ್ಷಕ್ಕೆ ವಾದವೇ ಇಲ್ಲ. 1992ರಿಂದ 2022ರ ತನಕ, ಮೂರು ದಶಕಗಳ ಕಾಲ, ಪ್ಯಾಕರ್ಸ್ ತಂಡಕ್ಕೆ ಬ್ರೆಟ್ ಫಾವ್ರ್, ಅವರ ನಂತರ ಏರನ್ ರಾಜರ್ಸ್ ಎಂಬ ಇಬ್ಬರೇ ಪ್ರಧಾನ ಕ್ವಾರ್ಟರ್‌ಬ್ಯಾಕ್‌ಗಳು ಸಾಕಾದರು. ಅದೇ ಅವಧಿಯಲ್ಲಿ ಬೇರ್ಸ್ ತಂಡದಲ್ಲಿ ಬಂದು ಹೋದವರ ಹೆಸರುಗಳನ್ನು ಹೇಳುವುದೇ ಗ್ರೀನ್ ಬೇ ಮಕ್ಕಳಿಗೆ ಒಂದು ಆಟ. ಒಂದು ಋತುವಿನಲ್ಲಿ ಎಸೆತದಿಂದ 4000 ಗಜ ಗಳಿಸಿದ ಆಟಗಾರ ಲೀಗಿನ ಉಳಿದೆಲ್ಲ ತಂಡಗಳ ಇತಿಹಾಸದಲ್ಲೂ ಇದ್ದಾನೆ. 2024ರ ಋತು ಮುಗಿದಾಗಲೂ ಬೇರ್ಸ್ ತಂಡದಲ್ಲಿ ಮಾತ್ರ ಒಬ್ಬನೂ ಇರಲಿಲ್ಲ. 2021ರ ಅಕ್ಟೋಬರಿನಲ್ಲಿ ರಾಜರ್ಸ್ ಶಿಕಾಗೊದ ಮೈದಾನದಲ್ಲೇ ಅಂಕ ಗಳಿಸಿ, ಪ್ರೇಕ್ಷಕರತ್ತ ತಿರುಗಿ, ಈಗಲೂ ನಿಮ್ಮ ಒಡೆಯ ನಾನೇ ಎಂಬರ್ಥದ ಮಾತನ್ನು ಕೂಗಿದ್ದನ್ನು ನಮ್ಮ ಸಾಲಿನಲ್ಲಿ ಹಸಿರು ತೊಟ್ಟವರೆಲ್ಲರೂ ಅಭಿನಯಿಸಿ ತೋರಿಸಬಲ್ಲವರಾಗಿದ್ದರು, ಮತ್ತು ತೋರಿಸಿದರು.

ಇದಕ್ಕೆ ಎದುರಾಗಿ ಬೇರ್ಸ್ ಅಭಿಮಾನಿಗಳ ಕೈಯಲ್ಲಿರುವುದು 1985. ಮೈಕ್ ಡಿಟ್ಕಾ ಕೋಚ್ ಆಗಿದ್ದ ಆ ವರ್ಷ ಅವರು 15 ಪಂದ್ಯ ಗೆದ್ದು ಒಂದನ್ನು ಮಾತ್ರ ಸೋತು, 1986ರ ಜನವರಿಯಲ್ಲಿ ನಡೆದ, ಸೂಪರ್ ಬೋಲ್ ಎಂಬ ಲೀಗಿನ ಅಂತಿಮ ಪಂದ್ಯದಲ್ಲಿ ನ್ಯೂ ಇಂಗ್ಲೆಂಡ್ ತಂಡವನ್ನು 46–10ರಿಂದ ಸದೆಬಡಿದರು. ಆ ರಕ್ಷಣಾ ಪಡೆಗೆ ಸಮನಾದದ್ದು ಮತ್ತೆ ಬರಲಿಲ್ಲ ಎನ್ನುವುದನ್ನು ಪ್ಯಾಕರ್ಸ್ ಪಕ್ಷದ ಹಿರಿಯರೂ ಒಪ್ಪುತ್ತಾರೆ. ಒಪ್ಪಿದ ಮೇಲೆ, ಒಟ್ಟು ಪ್ರಶಸ್ತಿ ಎಷ್ಟು ಎಂದು ಕೇಳುತ್ತಾರೆ: ತಮಗೆ 13, ಶಿಕಾಗೊಗೆ 9. ಎಲ್ಲ ತಂಡಗಳ ದಿಗ್ಗಜರನ್ನು ಗೌರವಿಸುವ ಹಾಲ್ ಆಫ್ ಫೇಮ್‌ನಲ್ಲಿ ಯಾರ ಆಟಗಾರರು ಹೆಚ್ಚು ಎಂದು ಶಿಕಾಗೊದವರು ಮರುಪ್ರಶ್ನೆ ಹಾಕುತ್ತಾರೆ. ಅಲ್ಲಿ ಬೇರ್ಸ್ ಮುಂದಿದೆ. ಗೌರವಾರ್ಥವಾಗಿ ಬಳಕೆಯಿಂದ ನಿಲ್ಲಿಸಿದ ಜೆರ್ಸಿ ಸಂಖ್ಯೆಗಳು ಬೇರ್ಸ್ ತಂಡದಲ್ಲಿ 14, ಪ್ಯಾಕರ್ಸ್‌ನಲ್ಲಿ 6. ಹೀಗೆ ಅಂಕಿಗಳನ್ನು ಇಸ್ಪೀಟಿನ ಎಲೆಗಳಂತೆ ಒಂದರ ಮೇಲೊಂದು ಎಸೆಯುತ್ತಾರೆ. ಕ್ರಿಕೆಟ್ ಅಂಕಿಅಂಶಗಳನ್ನು ಬಾಯಿಪಾಠ ಮಾಡಿಕೊಂಡು ಬೆಳೆದ ನಮ್ಮಂಥವರಿಗೆ ಈ ಭಾಗ ಅನುವಾದವಿಲ್ಲದೆಯೇ ಅರ್ಥವಾಗುತ್ತದೆ. ಬೇರ್ಸ್ ಅಭಿಮಾನಿಯ ಆಗಸ್ಟ್ ತಿಂಗಳ ಮನಸ್ಥಿತಿಯಂತೂ 2025ರ ಜೂನ್ 3ಕ್ಕೆ ಮುಂಚಿನ ಆರ್‌ಸಿಬಿ ಅಭಿಮಾನಿಯ ಮಾರ್ಚ್ ತಿಂಗಳ ಮನಸ್ಥಿತಿಯೇ ಸರಿ.

ನಾನು ಹೋದ ಪಂದ್ಯ ಲೀಗಿನ ಲೆಕ್ಕದಲ್ಲಿ ಬಹುಮಟ್ಟಿಗೆ ನಿರರ್ಥಕವಾದದ್ದು. ಪ್ಯಾಕರ್ಸ್ ಆಗಲೇ ಮುಂದಿನ ಹಂತಕ್ಕೆ ಅರ್ಹತೆ ಪಡೆದಾಗಿತ್ತು; ಬೇರ್ಸ್ ಸತತ ಹತ್ತು ಪಂದ್ಯಗಳನ್ನು ಸೋತು ಬಂದಿತ್ತು. ಆ ಹತ್ತರಲ್ಲಿ ಕೆಲವು ಸೋಲುಗಳ ರೀತಿ ವಿಚಿತ್ರವಾಗಿತ್ತು, ಮತ್ತು ಋತುವಿನುದ್ದಕ್ಕೂ ಅವೇ ಚರ್ಚೆಗೆ ಆಹಾರ. ಅಕ್ಟೋಬರ್ 27ರಂದು ವಾಷಿಂಗ್ಟನ್ ತಂಡದ ಜೇಡನ್ ಡ್ಯಾನಿಯಲ್ಸ್ ಕೊನೆಯ ಕ್ಷಣದಲ್ಲಿ ದೇವರ ಮೇಲೆ ಭಾರ ಹಾಕಿ ಎಸೆದ ಚೆಂಡು ಆಟಗಾರರ ಗುಂಪಿಗೆ ಬಡಿದು ಪುಟಿದು ಅವರವನೊಬ್ಬನ ಕೈ ಸೇರಿತು. ಆ ಆಟ ಆರಂಭವಾಗುವಾಗ ಬೇರ್ಸ್ ರಕ್ಷಕನೊಬ್ಬ ಮೈದಾನಕ್ಕೆ ಬೆನ್ನು ತಿರುಗಿಸಿ ಪ್ರೇಕ್ಷಕರನ್ನು ಅಣಕಿಸುತ್ತಿದ್ದ. ನವೆಂಬರ್ 17ರಂದು ಇದೇ ಪ್ಯಾಕರ್ಸ್ ವಿರುದ್ಧ 19–20ರಲ್ಲಿ ಹಿಂದಿದ್ದಾಗ ಬೇರ್ಸ್‌ನ ಕೈರೊ ಸ್ಯಾಂಟೋಸ್ ಕೊನೆಯ ಸೆಕೆಂಡಿನಲ್ಲಿ ಫೀಲ್ಡ್ ಗೋಲ್‌ಗಾಗಿ (ಕಂಬಗಳ ನಡುವೆ ಹೋದರೆ ಮೂರು ಅಂಕ) ಒದ್ದ ಚೆಂಡನ್ನು ಪ್ಯಾಕರ್ಸ್‌ನ ಕಾರ್ಲ್ ಬ್ರೂಕ್ಸ್ ತಡೆದುಬಿಟ್ಟ. ನವೆಂಬರ್ 28ರ ಥ್ಯಾಂಕ್ಸ್‌ಗಿವಿಂಗ್ ಹಬ್ಬದಂದು ಡೆಟ್ರಾಯ್ಟ್‌ನಲ್ಲಿ ಕೋಚ್ ಮ್ಯಾಟ್ ಎಬರ್‌ಫ್ಲೂಸ್ ಗಡಿಯಾರ ನಿಲ್ಲಿಸಲು ಕೈಯಲ್ಲಿದ್ದ ಟೈಮ್‌ಔಟನ್ನು ಬಳಸದೆ ಅದು ಓಡುವುದನ್ನು ನೋಡುತ್ತ ನಿಂತರು, ತಂಡ 20–23ರಿಂದ ಸೋತಿತು, ಮರುದಿನವೇ ಅವರ ಕೆಲಸ ಹೋಯಿತು. ಬೇರ್ಸ್ ತಂಡದ ಇತಿಹಾಸದಲ್ಲಿ ಋತುವಿನ ನಡುವೆ ಮುಖ್ಯ ಕೋಚನ್ನು ತೆಗೆದದ್ದು ಅದೇ ಮೊದಲು. ಇದಿಷ್ಟನ್ನೂ ಬಲಗಡೆಯ ದಂಪತಿ, ದಿನಾಂಕ ಸಮೇತ, ನಮಗೆ ಒಪ್ಪಿಸಿದರು.

ಆಮೇಲೆ ಆಟ ಬೇರೆ ದಾರಿ ಹಿಡಿಯಿತು. ಮೊದಲ ಭಾಗದಲ್ಲೇ ಪ್ಯಾಕರ್ಸ್ ಪಂಟ್ ಒದ್ದಾಗ, ಅಂದರೆ ಚೆಂಡನ್ನು ದೂರಕ್ಕೆ ಒದ್ದು ಎದುರಾಳಿಗೆ ಬಿಟ್ಟುಕೊಟ್ಟಾಗ, ಬೇರ್ಸ್‌ನ ಡಿಆಂಡ್ರೆ ಕಾರ್ಟರ್ ಒಂದು ಬದಿಯಲ್ಲಿ ಆಕಾಶ ನೋಡುತ್ತ ಚೆಂಡು ತನ್ನ ಕೈಗೇ ಬರುತ್ತಿರುವಂತೆ ನಟಿಸಿದ. ಹಸಿರು ಜೆರ್ಸಿಯವರೆಲ್ಲ ಅವನತ್ತ ಓಡಿದರು. ಚೆಂಡು ನಿಜವಾಗಿ ಬಿದ್ದದ್ದು ಇನ್ನೊಂದು ಬದಿಯಲ್ಲಿದ್ದ ಜಾಶ್ ಬ್ಲ್ಯಾಕ್‌ವೆಲ್ ಬಳಿ. ಅವನು ಅದನ್ನೆತ್ತಿಕೊಂಡು 94 ಗಜ ಓಡಿ ಅಂಕ ಗಳಿಸಿದ. ನಮ್ಮ ಸಾಲಿನಲ್ಲೂ ಅರ್ಧ ಜನ ಕಾರ್ಟರ್‌ನನ್ನೇ ನೋಡುತ್ತಿದ್ದರಾದ್ದರಿಂದ ಕೂಗು ಎರಡು ಸೆಕೆಂಡು ತಡವಾಗಿ ಎದ್ದಿತು. 2011ರಲ್ಲಿ ಇದೇ ತಂತ್ರವನ್ನು ಡೆವಿನ್ ಹೆಸ್ಟರ್‌ನನ್ನು ಮುಂದಿಟ್ಟುಕೊಂಡು ಇದೇ ಎದುರಾಳಿಯ ಮೇಲೆ ಪ್ರಯೋಗಿಸಿದ್ದರು, ಆಗ ಜಾನಿ ನಾಕ್ಸ್ ಓಡಿ ಗಳಿಸಿದ ಅಂಕವನ್ನು ಹೋಲ್ಡಿಂಗ್ (ಎದುರಾಳಿಯನ್ನು ಹಿಡಿದು ತಡೆಯುವ) ತಪ್ಪಿಗಾಗಿ ರದ್ದು ಮಾಡಿದ್ದರು ಎಂದು ಹಿಂದಿನ ಸಾಲಿನ ಹಿರಿಯರು ಎದ್ದು ನಿಂತು ಸಾರಿದರು. ಆ ತೀರ್ಪು ಸರಿಯೇ ತಪ್ಪೇ ಎಂಬ ಚರ್ಚೆ ಎರಡನೆಯ ಭಾಗ ಮುಗಿಯುವ ತನಕ ನಡೆಯಿತು; ಎದುರಿಗೆ ನಡೆಯುತ್ತಿದ್ದ ಪಂದ್ಯವನ್ನು ಬಿಟ್ಟು ಹದಿಮೂರು ವರ್ಷ ಹಿಂದಿನ ಪಂದ್ಯವನ್ನು ಆರು ಜನ ಆಡುತ್ತಿದ್ದರು. ಟಿಕೆಟ್ಟಿನ ಹಣ ವಸೂಲಾಯಿತೆಂದು ನನಗೆ ಅನಿಸಿದ್ದು ಆಗಲೇ. ಕೊನೆಗೆ, ಒಂದು ನಿಮಿಷಕ್ಕೂ ಕಡಿಮೆ ಉಳಿದಿದ್ದಾಗ ಬ್ರ್ಯಾಂಡನ್ ಮ್ಯಾಕ್‌ಮ್ಯಾನಸ್ ಒದ್ದ ಫೀಲ್ಡ್ ಗೋಲ್‌ನಿಂದ ಪ್ಯಾಕರ್ಸ್ 22–21ರಿಂದ ಮುಂದೆ ಹೋಯಿತು. ಬೇರ್ಸ್ ಕ್ವಾರ್ಟರ್‌ಬ್ಯಾಕ್ ಕೇಲಬ್ ವಿಲಿಯಮ್ಸ್ ಅಷ್ಟರಲ್ಲೇ ತಂಡವನ್ನು ಮುಂದೊಯ್ದ. ನವೆಂಬರಿನಲ್ಲಿ ತಡೆಯಲ್ಪಟ್ಟಿದ್ದ ಅದೇ ಸ್ಯಾಂಟೋಸ್ 51 ಗಜಗಳಿಂದ ಒದ್ದ ಚೆಂಡು ಗಡಿಯಾರ ಸೊನ್ನೆಗೆ ಬರುವಾಗ ಕಂಬಗಳ ನಡುವೆ ಹೋಯಿತು. 24–22. ಪ್ಯಾಕರ್ಸ್ ವಿರುದ್ಧದ ಸತತ ಹನ್ನೊಂದು ಸೋಲುಗಳ ಸರಣಿ ಅಲ್ಲಿಗೆ ಕಡಿಯಿತು. ಈ ಮೈದಾನದಲ್ಲಿ ಬೇರ್ಸ್ ಹಿಂದೆ ಗೆದ್ದದ್ದು 2015ರ ಥ್ಯಾಂಕ್ಸ್‌ಗಿವಿಂಗ್ ರಾತ್ರಿ, ಫಾವ್ರ್ ಅವರ 4ನೇ ಸಂಖ್ಯೆಯನ್ನು ಗೌರವಿಸುವ ಸಮಾರಂಭಕ್ಕೆ ಪ್ಯಾಕರ್ಸ್‌ನ 1960ರ ದಶಕದ ಕ್ವಾರ್ಟರ್‌ಬ್ಯಾಕ್, ವೃದ್ಧ ಬಾರ್ಟ್ ಸ್ಟಾರ್ ಬಂದಿದ್ದ ದಿನ. ಬಲಗಡೆಯ ಮಹಿಳೆ ಎಡಗಡೆಯ ಯುವಕನ ಕೈ ಕುಲುಕಿ, ಅವನ ತಂಡ ಐದು ಪಂದ್ಯ ಗೆದ್ದು ಹನ್ನೆರಡು ಸೋತು ಮನೆಗೆ ಹೋಗುತ್ತಿದೆಯೆಂದು ನೆನಪಿಸಿದರು. ಅವನು ಕೇಳಿಸಿಕೊಂಡನೋ ಇಲ್ಲವೋ.

ಕ್ರೀಡಾಂಗಣ ಪ್ರವಾಸವನ್ನು ಪಂದ್ಯದ ದಿನ ನಡೆಸುವುದಿಲ್ಲವಾದ್ದರಿಂದ ಶನಿವಾರವೇ ಊರು ಸೇರಬೇಕು. ಅವಧಿಗೆ ತಕ್ಕಂತೆ ಬೇರೆ ಬೇರೆ ದರದ ಪ್ರವಾಸಗಳಿವೆ, ನಡುವಿನದು ಸಾಕು. ಆಟಗಾರರು ಮೈದಾನಕ್ಕೆ ಬರುವ ಸುರಂಗದಲ್ಲಿ ನಿಮ್ಮನ್ನೂ ನಡೆಸಿಕೊಂಡು ಹೋಗುತ್ತಾರೆ. ನವೀಕರಣದ ವೇಳೆ ಹಳೆಯ ಸುರಂಗದ ಕಾಂಕ್ರೀಟಿನ ತುಂಡೊಂದನ್ನು ಉಳಿಸಿಕೊಂಡು ಹೊಸದರ ನೆಲದಲ್ಲಿ ಕೂರಿಸಿದ್ದಾರೆ; ಕೋಚ್ ವಿನ್ಸ್ ಲೊಂಬಾರ್ಡಿಯವರ 1960ರ ದಶಕದ ಆಟಗಾರರು ತುಳಿದ ಕಾಂಕ್ರೀಟು ಅದು. ಸುತ್ತಲಿನ ನೆಲಕ್ಕಿಂತ ಬೇರೆ ಬಣ್ಣದ, ಸವೆದ, ಅಂದವೇನೂ ಇಲ್ಲದ ಆ ತುಂಡಿನ ಮೇಲೆ ದೊಡ್ಡ ಗಂಡಸರು ಕಾಲಿಡಲು ಹಿಂಜರಿಯುವುದನ್ನು ಕಂಡೆ. ಹುಲ್ಲಿನ ಅಂಚಿನವರೆಗೆ ಬಿಡುತ್ತಾರೆ, ಹುಲ್ಲಿನ ಮೇಲೆ ಬಿಡುವುದಿಲ್ಲ. ಮಾರ್ಗದರ್ಶಕರು ಗುಂಪಿನಲ್ಲಿ ಬೇರ್ಸ್ ಅಭಿಮಾನಿಗಳು ಯಾರೆಂದು ಆರಂಭದಲ್ಲೇ ಕೈ ಎತ್ತಿಸಿ, ಅಲ್ಲಿಂದ ಮುಂದೆ ಪ್ರತಿ ಹಾಸ್ಯವನ್ನೂ ಅವರ ಮೇಲೇ ಹಾಯಿಸಿದರು. 1967ರ ಡಿಸೆಂಬರ್ 31ರಂದು ಸೊನ್ನೆಗಿಂತ ಕೆಳಗೆ 13 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು ಮೈನಸ್ 25 ಡಿಗ್ರಿ ಸೆಲ್ಸಿಯಸ್ ಚಳಿಯಲ್ಲಿ ಡಲ್ಲಾಸ್ ತಂಡವನ್ನು 21–17ರಿಂದ ಸೋಲಿಸಿದ 'ಐಸ್ ಬೋಲ್' ಕಥೆಯನ್ನು ಮಾತ್ರ ಯಾವ ಹಾಸ್ಯವೂ ಇಲ್ಲದೆ, ತಗ್ಗಿದ ದನಿಯಲ್ಲಿ ಹೇಳಿದರು. ಅದೇ ಕಟ್ಟಡದಲ್ಲಿರುವ ತಂಡದ ಹಾಲ್ ಆಫ್ ಫೇಮ್ ವಸ್ತುಸಂಗ್ರಹಾಲಯ ಪ್ಯಾಕರ್ಸ್ ಅಭಿಮಾನಿಗಳಿಗೆ ತೀರ್ಥಕ್ಷೇತ್ರ. ಉಳಿದವರಿಗೆ ಒಂದು ಗಂಟೆ ಧಾರಾಳವಾಯಿತು.

ಊಟದ ವಿಷಯಕ್ಕೆ ಹೆಚ್ಚು ಜಾಗ ಬೇಕಿಲ್ಲ. ಹಂದಿಮಾಂಸದ ಬ್ರಾಟ್‌ವರ್ಸ್ಟ್ ಮತ್ತು ಬಿಯರ್ ಇಲ್ಲಿಯ ಮುಖ್ಯ ಆಹಾರ. ಸಸ್ಯಾಹಾರಿಗಳಿಗೆ ಹಿಟ್ಟಿನಲ್ಲಿ ಅದ್ದಿ ಕರಿದ ಚೀಸ್ ಕರ್ಡ್ಸ್ ಇದೆ, ಬಿಸಿಯಾಗಿರುವಾಗ ಬೋಂಡಾದಂತೆ ಗರಿಗರಿಯಾಗಿಯೇ ಇರುತ್ತದೆ, ಆ ಚಳಿಯಲ್ಲಿ ಮೂರು ನಿಮಿಷದಲ್ಲಿ ರಬ್ಬರಾಗುತ್ತದೆ. ಆದ್ದರಿಂದ ಅಂಗಡಿಯ ಬಳಿಯೇ ನಿಂತು ತಿಂದು ಮುಗಿಸಿ ಸೀಟಿಗೆ ಬರಬೇಕು. ಚೀಸ್ ಮಾಡಲು ಬಳಸುವ ರೆನೆಟ್ ಪ್ರಾಣಿಜನ್ಯವೇ ಎಂದು ವಿಚಾರಿಸುವ ಕಟ್ಟುನಿಟ್ಟಿನವರು ಮನೆಯಿಂದಲೇ ಉಂಡು ಹೊರಡುವುದು ಒಳ್ಳೆಯದು. ನಗದು ತೆಗೆದುಕೊಳ್ಳುವುದಿಲ್ಲ, ಕಾರ್ಡ್ ಬೇಕು. ಪಾರದರ್ಶಕ ಚೀಲವನ್ನು ಮಾತ್ರ ಒಳಗೆ ಬಿಡುತ್ತಾರೆ.

ಚೀಸ್ ಟೋಪಿಯ ಬಗ್ಗೆ ಒಂದು ಮಾತು. ವಿಸ್ಕಾನ್ಸಿನ್ ಜನರನ್ನು ಇಲಿನಾಯ್ ಜನ 'ಚೀಸ್‌ಹೆಡ್' ಎಂದು ಹೀಯಾಳಿಸುತ್ತಿದ್ದರು. 1987ರಲ್ಲಿ ಮಿಲ್‌ವಾಕೀಯ ರಾಲ್ಫ್ ಬ್ರೂನೊ ಎಂಬವರು ಸೋಫಾದ ಸ್ಪಂಜನ್ನು ಕತ್ತರಿಸಿ ಚೀಸಿನ ತುಂಡಿನಂತೆ ಮಾಡಿ ತಲೆಗಿಟ್ಟುಕೊಂಡು ಬೇಸ್‌ಬಾಲ್ ಪಂದ್ಯಕ್ಕೆ ಹೋದರು. ಬೈಗುಳವೇ ಕಿರೀಟವಾಯಿತು. ಆ ಟೋಪಿ ತಯಾರಿಸುವ ಕಂಪನಿಯನ್ನು 2023ರಲ್ಲಿ ಪ್ಯಾಕರ್ಸ್ ತಂಡವೇ ಕೊಂಡುಕೊಂಡಿತು. ಕ್ರೀಡಾಂಗಣದ ಅಂಗಡಿಯಲ್ಲಿ ಸಿಗುತ್ತದೆ. ಚಳಿಗೆ ಪ್ರಯೋಜನವಿಲ್ಲ, ಹಿಂದೆ ಕೂತವರಿಗೆ ಶಿಕ್ಷೆ. ಆದರೂ ಹಿಂದಿನ ಸಾಲಿನ ಹಿರಿಯರು ಅದನ್ನು ತೆಗೆಯಲು ಹೇಳಿದಾಗ ಸಿಕ್ಕಿದ ಉತ್ತರ ಬರೆಯುವಂಥದ್ದಲ್ಲ.

ದೋಷಗಳು ಇಲ್ಲವೆಂದಲ್ಲ. ಬಿಯರ್ ಮಾರಾಟವನ್ನು ಮೂರನೆಯ ಭಾಗದ ಕೊನೆಗೆ ನಿಲ್ಲಿಸುತ್ತಾರೆ, ಆದರೆ ಬೆಳಗಿನಿಂದಲೇ ಹೊರಗೆ ವಾಹನಗಳ ಬಳಿ ಕುಡಿದು ಬಂದವರಿಗೆ ಆ ನಿಯಮ ತಗಲುವುದಿಲ್ಲ. ನಮ್ಮಿಂದ ನಾಲ್ಕು ಸಾಲು ಕೆಳಗೆ ಇಬ್ಬರ ಭಾಷೆ ಮಕ್ಕಳ ಕಿವಿ ಮುಚ್ಚಬೇಕಾದ ಮಟ್ಟಕ್ಕೆ ಹೋಗಿತ್ತು. ಸಿಬ್ಬಂದಿ ಬಂದು ಮಾತಾಡಿಸಿದ ಮೇಲೆ ಒಬ್ಬ ಸುಮ್ಮನಾದ, ಇನ್ನೊಬ್ಬ ಹೊರಹೋದ. ಇದಕ್ಕಿಂತ ಬೇಸರ ತಂದವರು ಫ್ಯಾಂಟಸಿ ಲೀಗಿನ ಅಂಕ ಲೆಕ್ಕ ಹಾಕುತ್ತ ಫೋನಿನಲ್ಲಿ ಮುಳುಗಿದ್ದವರು. ಅವರಿಗೆ ತಂಡವಿಲ್ಲ, ಇಲ್ಲೊಬ್ಬ ಅಲ್ಲೊಬ್ಬ ಆಟಗಾರನಿದ್ದಾನೆ. ಅವರೊಡನೆ ಜಗಳವಾಡುವುದಕ್ಕೇ ಆಗುವುದಿಲ್ಲ. ಪಂದ್ಯದ ನಡುವೆ ಟಿವಿ ಜಾಹೀರಾತಿಗಾಗಿ ಆಟ ಪದೇಪದೇ ನಿಲ್ಲುವುದು ಮನೆಯಲ್ಲಿ ಅಷ್ಟು ತಿಳಿಯುವುದಿಲ್ಲ, ಇಲ್ಲಿ ಹೆಬ್ಬೆರಳಿಗೇ ತಿಳಿಯುತ್ತದೆ. ಪಾದದ ಕೆಳಗೆ ದಪ್ಪ ರಟ್ಟಿನ ತುಂಡು ಹಾಕಿಕೊಳ್ಳಿ ಎಂದು ಬಲಗಡೆಯವರು ತಮ್ಮ ಪೆಟ್ಟಿಗೆಯನ್ನು ಹರಿದು ಅರ್ಧ ಕೊಟ್ಟರು. ಕಾಂಕ್ರೀಟಿನ ಚಳಿಯನ್ನು ಅದು ನಿಜವಾಗಿಯೂ ತಡೆಯುತ್ತದೆ. ಉಣ್ಣೆಯ ಎರಡು ಜೊತೆ ಕಾಲುಚೀಲಗಳಿಗಿಂತ ಹೆಚ್ಚಾಗಿ.

ಹಣದ ವಿಷಯ. 1960ರಿಂದ ಈ ಮೈದಾನದ ಸೀಟುಗಳೆಲ್ಲ ಋತುವಿಡೀ ಟಿಕೆಟ್ ಹೊಂದಿದವರಿಗೇ ಮಾರಾಟವಾಗಿಬಿಡುತ್ತವೆ; ಆ ಟಿಕೆಟ್ಟಿಗಾಗಿ ಕಾಯುವವರ ಪಟ್ಟಿಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಹೆಸರುಗಳಿವೆ, ಮಗು ಹುಟ್ಟಿದ ಕೂಡಲೇ ಹೆಸರು ಬರೆಸುವವರಿದ್ದಾರೆ. ಹಾಗಾಗಿ ನಮ್ಮಂಥವರಿಗೆ ಮರುಮಾರಾಟದ ತಾಣಗಳೇ ಗತಿ. ನಾನು ಬಳಸಿದ ತಾಣದಲ್ಲಿ ಮೊದಲ ಪುಟದ ಬೆಲೆಗೂ ಕೊನೆಯ ಪುಟದಲ್ಲಿ ಶುಲ್ಕಗಳನ್ನೆಲ್ಲ ಸೇರಿಸಿದ ಬೆಲೆಗೂ ಇದ್ದ ಅಂತರದಲ್ಲಿ ಇಬ್ಬರು ಭರ್ಜರಿಯಾಗಿ ಊಟ ಮಾಡಬಹುದಿತ್ತು. ಊರಿನ ಹೋಟೆಲುಗಳು ಪಂದ್ಯದ ವಾರಾಂತ್ಯಕ್ಕೆ ದರವನ್ನು ಹಲವು ಪಟ್ಟು ಏರಿಸಿ, ಎರಡು ರಾತ್ರಿ ಉಳಿಯಲೇಬೇಕೆಂಬ ಷರತ್ತನ್ನೂ ಹಾಕುತ್ತವೆ. ಸುಮಾರು 50 ಕಿಲೋಮೀಟರ್ ದೂರದ ಆ್ಯಪಲ್‌ಟನ್‌ನಲ್ಲಿ ತಂಗಿದರೆ ಉಳಿತಾಯ. ವಾಹನ ನಿಲ್ಲಿಸಲು ಅಕ್ಕಪಕ್ಕದ ಮನೆಯವರು ತಮ್ಮ ಅಂಗಳವನ್ನೇ ಬಾಡಿಗೆಗೆ ಕೊಡುತ್ತಾರೆ. ನಾವು ನಿಲ್ಲಿಸಿದ ಮನೆಯ ಅಜ್ಜಿ ಇಲಿನಾಯ್ ನಂಬರ್ ಪ್ಲೇಟ್ ನೋಡಿ ಹೆಚ್ಚಿಗೆ ಕೇಳುವುದಾಗಿ ಹೆದರಿಸಿ, ನಕ್ಕು, ಎಲ್ಲರಿಗಿರುವ ದರವನ್ನೇ ತೆಗೆದುಕೊಂಡರು.

ಮೈದಾನವಾಗಿ ಲ್ಯಾಂಬೋ ಫೀಲ್ಡನ್ನು ಶಿಕಾಗೊದ ಸೋಲ್ಜರ್ ಫೀಲ್ಡ್‌ಗಿಂತ ಮೇಲೆಂದು ಒಪ್ಪದೆ ವಿಧಿಯಿಲ್ಲ. 1924ರಲ್ಲಿ ತೆರೆದ ಸೋಲ್ಜರ್ ಫೀಲ್ಡ್‌ನ ಕಂಬಸಾಲಿನ ಒಳಗೆ ಈ ಶತಮಾನದ ಆರಂಭದಲ್ಲಿ ಗಾಜಿನ ತಟ್ಟೆಯಂಥದೊಂದನ್ನು ಕೂರಿಸಿ, ಅದಕ್ಕಿದ್ದ ರಾಷ್ಟ್ರೀಯ ಐತಿಹಾಸಿಕ ಸ್ಮಾರಕದ ಮನ್ನಣೆಯನ್ನೂ ಕಳೆದುಕೊಂಡರು. ಗ್ರೀನ್ ಬೇಯಲ್ಲಿ ಸೇರಿಸಿದ ಭಾಗಗಳೆಲ್ಲ ಹಳೆಯ ಬಟ್ಟಲಿನ ಸುತ್ತ ನಿಂತಿವೆ, ಬಟ್ಟಲು ಹಾಗೇ ಉಳಿದಿದೆ. ಎಡಗಡೆಯ ಯುವಕನಿಗೆ ಇದನ್ನು ಹೇಳಿದೆ. ಅವನು ಸುತ್ತ ನೋಡಿ, ತಾನು ಹಾಗೆಂದದ್ದನ್ನು ಯಾರಿಗೂ ಹೇಳಬಾರದೆಂಬ ಕರಾರಿನ ಮೇಲೆ ಒಪ್ಪಿಕೊಂಡ.

ಶಿಕಾಗೊದಿಂದ ಸುಮಾರು 330 ಕಿಲೋಮೀಟರ್, ಕಾರಿನಲ್ಲಿ ಮೂರೂವರೆ ಗಂಟೆಯ ದಾರಿ. ಹಿಮ ಬಿದ್ದರೆ ಹೆಚ್ಚು. ಚಿಕ್ಕ ಮಕ್ಕಳನ್ನೂ ಊರಿನಿಂದ ಬಂದ ವಯಸ್ಸಾದ ತಂದೆತಾಯಿಯರನ್ನೂ ಪಂದ್ಯಕ್ಕೆ ಕರೆದೊಯ್ಯಬೇಡಿ, ಬೇಸಿಗೆಯಲ್ಲಿ ಪ್ರವಾಸಕ್ಕೆ ಮಾತ್ರ ಕರೆದೊಯ್ಯಿರಿ. ಆಟದ ನಿಯಮಗಳು ಗೊತ್ತಿಲ್ಲದವರು ಹೋಗಬಹುದು, ಪಕ್ಕದವರು ಕಲಿಸುತ್ತಾರೆ, ಎರಡೂ ಕಡೆಯವರು ಬೇರೆಬೇರೆಯಾಗಿ ಕಲಿಸುತ್ತಾರೆ. ಮಧ್ಯಾಹ್ನದ ಪಂದ್ಯವಾದರೆ ಪೂರ್ವದ ಬದಿಯ ಸೀಟುಗಳನ್ನು ಹುಡುಕಿ, ಸೂರ್ಯ ಅಲ್ಲಿ ಹೆಚ್ಚು ಹೊತ್ತು ಇರುತ್ತಾನೆ. ಪಶ್ಚಿಮದ ಬದಿಗೆ ಎತ್ತರದ ಕಟ್ಟಡದ ನೆರಳು ಬೇಗ ಬೀಳುತ್ತದೆ. ಲೀಗಿನ ವೇಳಾಪಟ್ಟಿ ಮೇ ತಿಂಗಳಲ್ಲಿ ಪ್ರಕಟವಾಗುತ್ತದೆ. ಬೇರ್ಸ್ ಪಂದ್ಯ ಯಾವ ವಾರವೆಂದು ತಿಳಿದ ಕೂಡಲೇ ಕೊಠಡಿಯನ್ನು ಕಾದಿರಿಸಿ. ಟಿಕೆಟ್ಟಿಗೆ ಮಾತ್ರ ಡಿಸೆಂಬರಿನ ತನಕ ಕಾಯಬಹುದು, ಏಕೆಂದರೆ ಬೇರ್ಸ್ ಆ ವೇಳೆಗೆ ಸೋತು ಸುಣ್ಣವಾಗಿದ್ದರೆ ಬೆಲೆ ಇಳಿಯುತ್ತದೆ.